ಫೈಲಣ್ಣನ ಎರಡನೇ ಕೆಟಲ್

ಆಸ್ಪತ್ರೆಯ ಕಟ್ಟಡಕ್ಕೂ ಸಂಶೋಧನಾಲಯದ ಕಟ್ಟಡಕ್ಕೂ ನಡುವೆ, ಮೂರನೇ ಮಹಡಿಯಲ್ಲಿ, ಗಾಜಿನ ಗೋಡೆಗಳ ಒಂದು ಉದ್ದನೆಯ ಓಣಿಯಿತ್ತು. ಆ ಓಣಿಯ ಸರಿಮಧ್ಯದಲ್ಲಿ ಯಾವ ಕಟ್ಟಡಕ್ಕೂ ಸೇರದ ಒಂದು ಕೋಣೆ. ಕಸ ಗುಡಿಸುವ ಮಾತು ಬಂದರೆ ಆಸ್ಪತ್ರೆಯವರು ಅದು ಸಂಶೋಧನಾಲಯದ್ದು ಎನ್ನುತ್ತಿದ್ದರು. ಬಲ್ಬು ಬದಲಿಸುವ ಮಾತು ಬಂದರೆ ಸಂಶೋಧನಾಲಯದವರು ಅದು ಆಸ್ಪತ್ರೆಯದ್ದು ಎನ್ನುತ್ತಿದ್ದರು. ಹೀಗಾಗಿ ಅಲ್ಲಿ ಗುಡಿಸುವವನೂ ಬಲ್ಬು ಬದಲಿಸುವವನೂ, ಸಂಯೋಜಕ ಎಂಬ ಫಲಕದ ಹಿಂದೆ ಕೂರುವವನೂ ಒಬ್ಬನೇ ಆಗಿದ್ದ. ಅವನೇ ಫೈಲಣ್ಣ.

ಹೆಸರು ಬಂದದ್ದು ಸುಮ್ಮನೆ ಅಲ್ಲ. ಇಪ್ಪತ್ತೆರಡು ವರ್ಷ ಅವನು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ರೋಗಿಗಳ ಫೈಲು ಕಾಯ್ದಿದ್ದ. ರೋಗಿಯ ನಂಬರು ಹೇಳಿದರೆ ಸಾಕು, ಎಷ್ಟನೇ ಕಪಾಟು, ಎಷ್ಟನೇ ಸಾಲು ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ತನ್ನ ಮದುವೆಯ ತಾರೀಖನ್ನು ಮಾತ್ರ ಹೆಂಡತಿ ನೆನಪಿಸಬೇಕಿತ್ತು. ಆಮೇಲೆ ಕಂಪ್ಯೂಟರು ಬಂತು, ಕಪಾಟುಗಳು ಹೋದವು, ಫೈಲುಗಳೂ ಹೋದವು. ಹೋಗದೆ ಉಳಿದ ಒಂದೇ ಫೈಲೆಂದರೆ ಇವನು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಮೇಲಿನವರು ಈ ಮೂರನೇ ಮಹಡಿಯ ಕೋಣೆಯಲ್ಲಿ ತಂದಿಟ್ಟರು.

ಇಲ್ಲಿ ಅವನ ಪಾಲಿಗೆ ಬಂದವರು ಮೂವತ್ತೆರಡು ಮಂದಿ. ಡಾಕ್ಟರೂ ಆಗಬೇಕು, ವಿಜ್ಞಾನಿಯೂ ಆಗಬೇಕು ಎಂದು ಹಟ ತೊಟ್ಟವರು. ಇದಕ್ಕೆ ಎಂಟು ವರ್ಷ. ಮೊದಲೆರಡು ವರ್ಷ ಡಾಕ್ಟರಿಕೆಯ ಪಾಠ, ಆಮೇಲೆ ನಾಲ್ಕು ವರ್ಷ ಸಂಶೋಧನಾಲಯದಲ್ಲಿ ವನವಾಸ, ಮತ್ತೆ ಎರಡು ವರ್ಷ ವಾರ್ಡು. ಸಂಶೋಧನಾಲಯದಿಂದ ಹೊರಬರುವ ಹೊತ್ತಿಗೆ ಮೊದಲು ಜೊತೆಗೆ ಓದಿದವರೆಲ್ಲ ಡಾಕ್ಟರಾಗಿ, ಮದುವೆಯಾಗಿ, ಹೊಟ್ಟೆ ಬೆಳೆಸಿಕೊಂಡಿರುತ್ತಿದ್ದರು. ಇವರು ಮಾತ್ರ ತಮಗಿಂತ ನಾಲ್ಕು ವರ್ಷ ಚಿಕ್ಕವರ ಪಕ್ಕ ನಿಂತು, ಮರೆತುಹೋದ ನಾಡಿ ಹುಡುಕಬೇಕು. ಫೈಲಣ್ಣ ಮೊದಲ ದಿನ ಇದನ್ನೆಲ್ಲ ಮನೆಯಲ್ಲಿ ವಿವರಿಸಿದಾಗ, ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದ ಅವನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ:

“ಪಾಪ, ಅಷ್ಟೊಂದು ಸಲ ಫೇಲಾಗಿದಾರೇನ್ರೀ?”

ಎರಡು ಕಟ್ಟಡಗಳ ನಡುವೆ ಅವರು ಓಡಾಡುತ್ತಿದ್ದದ್ದು ಫೈಲಣ್ಣನ ಬಾಗಿಲ ಮುಂದೆಯೇ. ಒಬ್ಬರ ಎದುರು ಒಬ್ಬರು ಬಂದರೂ ತಲೆ ಎತ್ತುತ್ತಿರಲಿಲ್ಲ. ಎಲ್ಲರ ಗುರುತಿದ್ದದ್ದು ಫೈಲಣ್ಣನೊಬ್ಬನಿಗೇ. ಅವರಿಗೆ ಒಂದರಿಂದ ಮೂವತ್ತೆರಡರವರೆಗೆ ನಂಬರು ಕೊಟ್ಟು ಫೈಲು ಮಾಡಿದವನು ಅವನೇ ತಾನೆ!

ಒಂದು ದಿನ ಮಧ್ಯಾಹ್ನ ಹತ್ತೊಂಬತ್ತನೇ ನಂಬರು ಬಾಗಿಲು ತಟ್ಟಿತು. ಐದನೇ ವರ್ಷದ ಹುಡುಗಿ, ಇಲಿಗಳ ಮೇಲೆ ಪ್ರಯೋಗ ಮಾಡುವವಳು. ಫೈಲಣ್ಣನ ಬಾಯಲ್ಲಿ ಇಲಿ ಡಾಕ್ಟ್ರು. ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು, ಎಡಗೈಯಲ್ಲಿ ಒಂದು ಹಾಳೆ. ಕೋರ್ಸನ್ನು ಇಲ್ಲಿಗೇ ಬಿಡುತ್ತೇನೆ, ದಯವಿಟ್ಟು ಅನುಮತಿ ಕೊಡಿ ಎಂಬ ಅರ್ಜಿ.

ಫೈಲಣ್ಣ ಕನ್ನಡಕ ಏರಿಸಿ ಎರಡು ಸಲ ಓದಿದ. ವ್ಯಾಕರಣದಲ್ಲಿ ತಪ್ಪಿರಲಿಲ್ಲ, ತಾರೀಖಿತ್ತು, ಸಹಿಯಿತ್ತು. ವಾಪಸ್ ಕಳಿಸಲು ಕಾರಣವೇ ಇಲ್ಲದಂಥ ಅರ್ಜಿ ನೋಡಿದರೆ ಅವನಿಗೆ ಯಾವಾಗಲೂ ಸಂಕಟ.

“ಇದಕ್ಕೆ ಮೂರು ಪ್ರತಿ ಬೇಕಾಗತ್ತಲ್ಲ ಡಾಕ್ಟ್ರೇ,” ಎಂದ.

“ಎಲ್ಲಿ ಬರೆದಿದೆ?”

“ಎಲ್ಲೂ ಬರೆದಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗಲ್ಲ.”

ಅವಳಿಗೆ ನಗು ಬರಲಿಲ್ಲ. ಫೈಲಣ್ಣ ಕುರ್ಚಿ ಸರಿಸಿ ಕೂರಿಸಿದ. “ಏನಾಯ್ತು ಹೇಳಿ. ಗೈಡು ಬೈದ್ರಾ?”

“ಇಲ್ಲ. ನಿನ್ನೆ ಇಲಿ ಕಚ್ತು.”

“ಅಯ್ಯೋ. ನೋವಾಯ್ತಾ?”

“ಕಚ್ಚಿದ್ದಕ್ಕೆ ಬೇಜಾರಿಲ್ಲ ಫೈಲಣ್ಣ. ‘ಇಲಿ ಕಚ್ತು’ ಅಂತ ಹೇಳ್ಕೊಳ್ಳೋಕೆ ಯಾರಾದ್ರೂ ಇದಾರಾ ಅಂತ ಫೋನಲ್ಲಿ ಹೆಸರು ಹುಡುಕ್ದೆ. ಮೇಲಿಂದ ಕೆಳಗಿನ ತನಕ. ಒಬ್ಬರೂ ಸಿಗ್ಲಿಲ್ಲ. ಈಗ ನಿಮಗೇ ಮೊದಲು ಹೇಳ್ತಿರೋದು.”

ಇಪ್ಪತ್ತೆರಡು ವರ್ಷ ಸಾವಿರಾರು ಜನರ ಕಾಯಿಲೆಗಳನ್ನು ಕಪಾಟಿನಲ್ಲಿಟ್ಟವನಿಗೆ ಇದನ್ನು ಯಾವ ಸಾಲಿನಲ್ಲಿಡುವುದೆಂದು ತಿಳಿಯಲಿಲ್ಲ. ಸಂಜೆ ಮನೆಗೆ ಹೋದವನೇ ಹೆಂಡತಿಯ ಮುಂದೆ ಇಟ್ಟ. ಆಕೆ ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

“ಎಲ್ಲರನ್ನೂ ವಾರಕ್ಕೊಂದು ದಿನ ಕೂರಿಸಿ ಟೀ ಕೊಡಿ. ಇಷ್ಟಕ್ಕೆ ಎಂಟು ವರ್ಷ ಓದ್ಬೇಕಾ?”

ಹೀಗೆ ಶುರುವಾದದ್ದು ಬುಧವಾರದ ಕೂಟ, ಸಂಜೆ ನಾಲ್ಕೂವರೆಗೆ.

ಮೊದಲ ಬುಧವಾರ ಫೈಲಣ್ಣ ತನಗೆ ತಿಳಿದಂತೆ ನಡೆಸಿದ. ಎಂದರೆ, ಐದು ಅಂಶಗಳ ಕಾರ್ಯಸೂಚಿ ಟೈಪು ಮಾಡಿದ. ಎರಡನೇ ಅಂಶ, ಹಿಂದಿನ ಸಭೆಯ ನಡಾವಳಿಗೆ ಒಪ್ಪಿಗೆ. ಹಿಂದೆ ಸಭೆಯೇ ನಡೆದಿರಲಿಲ್ಲ. ಬಂದವರು ಮೂರು ಜನ. ಅದರಲ್ಲಿ ಒಬ್ಬ ಸಹಿ ಎಲ್ಲಿ ಹಾಕಬೇಕೆಂದು ಕೇಳಿ, ಹಾಕಿ, ಹೊರಟೇಬಿಟ್ಟಿದ್ದ. ಅಷ್ಟರಲ್ಲಿ ಮೇಜಿನ ಮೇಲಿನ ಹಳೇ ಕೆಟಲ್ ಕುದಿಯುವ ಭರಕ್ಕೆ ಗುಡುಗುಡು ಎನ್ನುತ್ತಾ ತಾನೇ ನಡೆದು ಬಂದು ಹಾಜರಿ ಪುಸ್ತಕವನ್ನು ಕೆಳಕ್ಕೆ ತಳ್ಳಿತು. ಇಲಿ ಡಾಕ್ಟ್ರು ಕಿಸಕ್ಕನೆ ನಕ್ಕಳು. ನಕ್ಕ ಸಲಿಗೆಯಲ್ಲಿ ಇಲಿ ಕಚ್ಚಿದ್ದನ್ನು ಹೇಳಿದಳು. ಕಚ್ಚಿದ ಇಲಿ ತಪ್ಪಿಸಿಕೊಂಡು ಗೈಡಿನ ಚೀಲದೊಳಗೆ ಹೊಕ್ಕದ್ದನ್ನೂ, ಅದು ಗೈಡಿಗೆ ಇನ್ನೂ ಗೊತ್ತಿಲ್ಲವೆಂಬುದನ್ನೂ ಹೇಳಿದಳು. ಹೊರಟವನು ತಿರುಗಿ ಬಂದು ಕೂತ.

“ಇದೇನು ಮಹಾ,” ಎಂದ. ಅವನು ಏಳನೇ ವರ್ಷದವನು, ನಾಲ್ಕು ವರ್ಷದ ಮೇಲೆ ವಾರ್ಡಿಗೆ ಮರಳಿದವನು. “ನಾನು ಮೊನ್ನೆ ಸ್ಟೆತಾಸ್ಕೋಪ್ ಉಲ್ಟಾ ಸಿಕ್ಕಿಸ್ಕೊಂಡಿದ್ದೆ. ಅಜ್ಜನ ಎದೆ ಬಡಿತಾನೇ ಕೇಳಿಸ್ತಿಲ್ಲ! ನನ್ನ ಜೀವ ಬಾಯಿಗೆ ಬಂತು. ಆ ಅಜ್ಜಾನೇ, ‘ತಿರುಗಿಸಿ ಹಾಕ್ಕೊಳಪ್ಪ, ನಾನು ಕಾಯ್ತೀನಿ’ ಅಂದ್ರು.”

ಅಂದಿನಿಂದ ಕಾರ್ಯಸೂಚಿ ಕಸದಬುಟ್ಟಿಗೆ ಹೋಯಿತು. ಉಳಿದದ್ದು ಒಂದೇ ಅಂಶ: ಈ ವಾರದ ಎಡವಟ್ಟು. ವಾರಕ್ಕೊಬ್ಬರು ಎದ್ದು ನಿಂತು ತಾವು ಮಾಡಿಕೊಂಡ ಪೆದ್ದುತನವನ್ನು ಸಾಕ್ಷಿ ಸಮೇತ ಹೇಳಬೇಕು. ಮೂರು ಜನ ಎಂಟಾದರು, ಎಂಟು ಹದಿನೈದಾದರು. ಎರಡೂ ಕಟ್ಟಡಗಳಿಂದ ಕುರ್ಚಿಗಳು ಕಳ್ಳಸಾಗಣೆಯಾದವು. ಆರು ತಿಂಗಳ ಪ್ರಯೋಗದ ಗಾಜಿನ ತಟ್ಟೆಗಳಿಗೆಲ್ಲ ಒಂದೇ ನಂಬರು ಬರೆದಿಟ್ಟವಳು, ಗೈಡಿಗೆ ಕಳಿಸಬೇಕಾದ ಪತ್ರ ತಾಯಿಗೂ, ತಾಯಿಗೆ ಬರೆದದ್ದು ಗೈಡಿಗೂ ಕಳಿಸಿದವನು, ಹೀಗೆ ಒಬ್ಬರಿಗಿಂತ ಒಬ್ಬರು. ಅಲ್ಲಿ ಮಾನ ಕಳೆದುಕೊಳ್ಳಲು ಪೈಪೋಟಿ ಬಿತ್ತು. ಫೈಲಣ್ಣ ಬುಧವಾರ ಬೆಳಿಗ್ಗೆಯೇ ಇಸ್ತ್ರಿ ಅಂಗಿ ತೊಟ್ಟು, ಮಧ್ಯಾಹ್ನ ಮೂರರಿಂದ ಗಡಿಯಾರ ನೋಡುತ್ತಿದ್ದ. ಇಲಿ ಡಾಕ್ಟ್ರು ಮೂರು ಪ್ರತಿ ತಂದುಕೊಟ್ಟಿದ್ದಳು ನಿಜ. ಆದರೆ ಅದಕ್ಕೆ ಫೋಟೋ ಅಂಟಿಸಬೇಕೆಂದು ಅವನು ಹೇಳಿದ್ದ, ಅವಳು ಫೋಟೋ ತರಲು ಮರೆಯುತ್ತಲೇ ಇದ್ದಳು. ಮೂರೂ ಹಾಳೆ ಅವನ ಡ್ರಾಯರಿನಲ್ಲಿ ತಣ್ಣಗೆ ಮಲಗಿದ್ದವು.

ಅಷ್ಟರಲ್ಲಿ ಒಂದು ಬುಧವಾರ, ಕೂಟದ ನಡುವೆ, ಕೋರ್ಸಿನ ನಿರ್ದೇಶಕಿ ಬಂದರು. ಕಿಡ್ನಿ ಡಾಕ್ಟರು, ಒಳ್ಳೆಯವರು, ಆದರೆ ಕೂತು ಮಾತಾಡಿದವರಲ್ಲ. ಬಾಗಿಲಲ್ಲೇ ನಿಂತು ಹೇಳಿದರು: “ಇನ್ನು ಮೂರು ತಿಂಗಳಿಗೆ ಪರಿಶೀಲನಾ ಸಮಿತಿ ಬರತ್ತೆ. ಈ ಕೋಣೆ ಜೆರಾಕ್ಸ್ ಮೆಷಿನ್‌ಗೆ ಬೇಕಂತೆ. ಕೂಟದಿಂದ ಏನುಪಯೋಗ, ಪುರಾವೆ ಏನು ಅಂತ ಕೇಳ್ತಾರೆ. ಏನ್ ಹೇಳ್ಲಿ?”

ಬೇರೆ ಯಾರೇ ಆಗಿದ್ದರೂ, ಇಷ್ಟು ಜನ ಬರುತ್ತಿದ್ದೇವೆ, ನಗುತ್ತಿದ್ದೇವೆ, ಬಂದು ನೋಡಿ ಎನ್ನುತ್ತಿದ್ದರು. ಆದರೆ ಇವರು ವಿಜ್ಞಾನಿಗಳಾಗಲು ಹೊರಟವರು. ಅಂಕಿ-ಸಂಖ್ಯೆಯಲ್ಲೇ ಮುಳುಗಿದ್ದ ಒಬ್ಬ ಕುರ್ಚಿಯಿಂದ ಚೆಂಡಿನಂತೆ ಪುಟಿದೆದ್ದ. ಅವನನ್ನು ಎಲ್ಲರೂ ಲೆಕ್ಕದ ಡಾಕ್ಟ್ರು ಎನ್ನುತ್ತಿದ್ದರು.

“ಟ್ರಯಲ್ ಮಾಡೋಣ ಮೇಡಂ! ಹೊಸ ಔಷಧಿಗೆ ಮಾಡೋ ಹಾಗೆ! ಚೀಟಿ ಎತ್ತಿ ಎರಡು ಗುಂಪು. ಹದಿನಾರು ಜನಕ್ಕೆ ಕೂಟ, ಹದಿನಾರು ಜನಕ್ಕೆ ಕೂಟ ಇಲ್ಲ. ಹನ್ನೆರಡು ವಾರ! ಆಮೇಲೆ ಯಾರಿಗೆ ಎಷ್ಟು ಸ್ನೇಹಿತರಾದ್ರು ಅಂತ ಅಳೆದುಬಿಡೋಣ!”

ಕೋಣೆಗೆ ಕೋಣೆಯೇ ಕುಣಿಯಿತು. ಸ್ನೇಹ ಬೆಳೆಸಲೆಂದು ಹುಟ್ಟಿದ ಕೂಟದಿಂದ ಅರ್ಧ ಜನರನ್ನು ಹೊರಗೆ ಹಾಕುವ ಯೋಜನೆಗೆ ಇಷ್ಟು ಚಪ್ಪಾಳೆ ಬಿದ್ದದ್ದು ಲೋಕದಲ್ಲಿ ಅದೇ ಮೊದಲಿರಬೇಕು. ಫೈಲಣ್ಣನೂ ಜೋರಾಗಿ ತಟ್ಟಿದ. ಅವನಿಗೆ ಅರ್ಥವಾಗಿರಲಿಲ್ಲ.

ಅರ್ಥವಾದದ್ದು ಚೀಟಿ ಎತ್ತುವಾಗ. ನಂಬಿಕಸ್ಥ ಎಂದು ಆ ಕೆಲಸ ಅವನಿಗೇ ಬಂತು. ಅವನ ಊಟದ ಡಬ್ಬಿ ತೊಳೆದು ಒರೆಸಿ, ಅದರಲ್ಲಿ ಮೂವತ್ತೆರಡು ನಂಬರು ಹಾಕಿ ಅಲ್ಲಾಡಿಸಿದರು. ಮೊದಲು ಎತ್ತಿದ ಹದಿನಾರು ಕೂಟಕ್ಕೆ. ಮಿಕ್ಕವರು ಕಂಟ್ರೋಲ್ ಗುಂಪು, ಎಂದರೆ ಬುಧವಾರ ಈ ಬಾಗಿಲ ಬಳಿ ಸುಳಿಯುವಂತಿಲ್ಲ. ಒಂದೊಂದೇ ಎತ್ತುತ್ತಾ ಹೋದ. ಹದಿನೈದಾಯಿತು, ಹದಿನಾರಾಯಿತು. ಹತ್ತೊಂಬತ್ತು ಬರಲಿಲ್ಲ. ಡಬ್ಬಿಯ ತಳದಲ್ಲಿ ಅದು ಕಾಣಿಸುತ್ತಲೇ ಇತ್ತು. ಬೆರಳು ತುಸು ಆ ಕಡೆ ಸರಿದಿದ್ದರೆ ಸಾಕಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಹಾಳೆಯನ್ನೂ ಹಿಂದುಮುಂದು ಮಾಡದ ಬೆರಳು ಅದು, ಮಾತು ಕೇಳಲಿಲ್ಲ.

“ನಾನು ಕಂಟ್ರೋಲಾ?” ಎಂದಳು ಇಲಿ ಡಾಕ್ಟ್ರು. ಆಮೇಲೆ ಬೇಗನೆ, “ಪರವಾಗಿಲ್ಲ, ವಿಜ್ಞಾನ ತಾನೆ,” ಎಂದಳು. ಅದೇ ವಾರ ಫೋಟೋಗಳನ್ನು ತಂದು ಅವನ ಮೇಜಿನ ಮೇಲಿಟ್ಟಳು. ಮೂರು.

ಫೈಲಣ್ಣ ಫೋಟೋಗಳನ್ನು ಎಣಿಸಿದ, ಮತ್ತೆ ಎಣಿಸಿದ. “ಅಂಟು ಮುಗಿದಿದೆ ಡಾಕ್ಟ್ರೇ,” ಎಂದ.

ಟ್ರಯಲ್‌ನ ಮೊದಲ ಬುಧವಾರ, ಕೆಟಲ್‌ಗೆ ನೀರು ತರಲು ಹೊರಬಂದವನಿಗೆ ಓಣಿಯ ತುದಿಯಲ್ಲಿ ಅವಳು ಕಂಡಳು. ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದಳು.

“ಏನ್ ಮಾಡ್ತಿದೀರಿ ಡಾಕ್ಟ್ರೇ?”

“ನೋಟಿಸ್ ಓದ್ತಿದೀನಿ.”

“ಅದು ಹೋದ ವರ್ಷದ್ದು. ಬೆಂಕಿ ಆರಿಸೋದು ಹೇಗೆ ಅಂತ.”

“ತಿಳ್ಕೊಂಡಿರೋದು ಒಳ್ಳೇದಲ್ವಾ.”

ಕೋಣೆಯೊಳಗಿಂದ ನಗು ಕೇಳಿಸಿತು. ಅವಳು ನೋಟಿಸಿಗೆ ಇನ್ನೂ ಹತ್ತಿರ ಹೋದಳು. ಫೈಲಣ್ಣ ಒಳಗೆ ಹೋಗಿ, ಎರಡು ಲೋಟ ಟೀ ಮತ್ತು ಒಂದು ಪೊಟ್ಟಣ ಬಿಸ್ಕತ್ತು ತಂದು ಅವಳ ಕೈಗಿಟ್ಟ. “ಹಿಂದಿನ ಮೆಟ್ಟಿಲ ಹತ್ರ ಕಿಟಕಿ ಇದೆ. ಒಳ್ಳೇ ಗಾಳಿ. ಯಾರೂ ಬರಲ್ಲ,” ಎಂದ.

“ಎರಡು ಲೋಟ ಯಾಕೆ?”

“ಯಾರಾದ್ರೂ ಬಂದ್ರೆ ಇರ್ಲಿ ಅಂತ.”

ಬಂದರು. ಎರಡನೇ ವಾರ ಐದು ಜನ, ನಾಲ್ಕನೇ ವಾರ ಹನ್ನೊಂದು. ಏಳನೇ ವಾರಕ್ಕೆ ಕಂಟ್ರೋಲ್ ಗುಂಪಿನ ಹದಿನಾರೂ ಮಂದಿ ಹಿಂದಿನ ಮೆಟ್ಟಿಲ ಮೇಲೆ, ತರಗತಿಯ ಫೋಟೋಗೆ ಕೂತಂತೆ ಸಾಲಾಗಿ. ಒಂದು ಕೆಟಲ್ ಸಾಲದಾಯಿತು. ಫೈಲಣ್ಣ ಮನೆಯದನ್ನು ಚೀಲದಲ್ಲಿ ಹಾಕಿಕೊಂಡು ಬಂದ. ಅಲ್ಲಿ ಹಾಜರಿ ಪುಸ್ತಕವಿಲ್ಲ, ಹಾಜರಿ ಇಲ್ಲವೆಂದ ಮೇಲೆ ಅದು ಕೂಟವೇ ಅಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದ.

“ಕೆಟಲ್ ಎಲ್ಲಿ?” ಎಂದಳು ಹೆಂಡತಿ.

“ಆಫೀಸಲ್ಲಿ ಬೇಕಾಗಿತ್ತು.”

“ಆಫೀಸಲ್ಲಿ ಒಂದಿದೆಯಲ್ಲ?”

ಫೈಲಣ್ಣನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ; ಎರಡನೇ ಪ್ರಶ್ನೆಗೇ ಎಲ್ಲ ಹೊರಬಂತು. ಲೆಕ್ಕದ ಟೀಚರು ಕೆಂಪು ಪೆನ್ನು ಕೆಳಗಿಟ್ಟಳು.

“ರೀ, ಕೂಟ ಇಲ್ಲದವರಿಗೂ ನೀವು ಕೂಟ ಮಾಡಿಸ್ತಿದೀರಿ. ಆಮೇಲೆ ಎರಡು ಗುಂಪಿನ ಲೆಕ್ಕಾನೂ ಒಂದೇ ಬರತ್ತೆ. ಕೂಟದಿಂದ ಏನೂ ಉಪಯೋಗ ಇಲ್ಲ ಅಂತಾಗತ್ತೆ. ನಿಮ್ಮ ಕೋಣೆ ಮುಚ್ಚಿಸೋದಕ್ಕೆ ನೀವೇ ಟೀ ಕಾಯಿಸ್ತಿದೀರಲ್ರೀ!”

“ಬರೀ ಟೀ ಕಣೇ...”

“ನೂರಕ್ಕೆ ಸೊನ್ನೆ,” ಎಂದು ಆಕೆ ಮತ್ತೆ ಪೆನ್ನು ತೆಗೆದುಕೊಂಡಳು.

ಅವನಿಗೆ ಆ ಮಾತು ಚುಚ್ಚಿತು. ಮುಂದಿನ ಬುಧವಾರ ನಿಲ್ಲಿಸಬೇಕೆಂದೇ ಮೆಟ್ಟಿಲ ಬಳಿಗೆ ಹೋದ. ಇಲಿ ಡಾಕ್ಟ್ರು ಎಲ್ಲಕ್ಕಿಂತ ಮೇಲಿನ ಮೆಟ್ಟಿಲ ಮೇಲೆ ನಿಂತು, ಹೊಸಬನೊಬ್ಬನಿಗೆ ಇಲಿ ಹಿಡಿಯುವುದನ್ನು ಬಿಸ್ಕತ್ತಿನ ಪೊಟ್ಟಣದ ಮೇಲೆ ತೋರಿಸುತ್ತಿದ್ದಳು. ಪೊಟ್ಟಣ ಅವಳನ್ನು ಕಚ್ಚಿದಂತೆ ನಟಿಸಿ ಕಿರುಚಿದಾಗ ಮೆಟ್ಟಿಲೇ ಅದುರುವಂತೆ ನಗು. ಫೈಲಣ್ಣ ಬಾಯಿ ತೆರೆದ. “ಸಕ್ಕರೆ ಸಾಕಾ?” ಎಂದು ಕೇಳಿ ವಾಪಸ್ ಬಂದ.

ಅತ್ತ ಅಧಿಕೃತ ಕೂಟ ಸೊರಗುತ್ತಿತ್ತು. ಅಳೆಯಬೇಕಲ್ಲ! ಪ್ರತಿ ವಾರ ನಲವತ್ತು ಪ್ರಶ್ನೆಗಳ ಫಾರಂ. ‘ನಿಮ್ಮ ಎಡಪಕ್ಕದಲ್ಲಿ ಕೂತವರ ಮೇಲೆ ನಿಮಗಿರುವ ಆತ್ಮೀಯತೆ, ಹತ್ತಕ್ಕೆ ಎಷ್ಟು?’ ಎಡಪಕ್ಕದವರು ಸುಮ್ಮನಿರುತ್ತಾರೆಯೇ? ಬಗ್ಗಿ ನೋಡುತ್ತಿದ್ದರು.

“ಆರಾ? ನನಗೆ ಬರೀ ಆರಾ? ನಾನು ನಿಂಗೆ ಎಂಟು ಹಾಕಿದೀನಿ ಕಣೋ!”

“ಸರಿ, ಆರೂವರೆ ಮಾಡ್ತೀನಿ, ಬಿಡು.”

“ಬೇಡ. ನಿನ್ನ ಭಿಕ್ಷೆ ಬೇಡ ನಂಗೆ.”

ಹನ್ನೆರಡು ವಾರ ಮುಗಿಯಿತು. ಸಮಿತಿ ಬಂತು: ಮೂವರು, ಅದರಲ್ಲಿ ಅಧ್ಯಕ್ಷರಿಗೆ ಹುಬ್ಬು ದಪ್ಪ. ಬೆಳಿಗ್ಗೆ ಹತ್ತಕ್ಕೆ ದೊಡ್ಡ ಸಭಾಂಗಣದಲ್ಲಿ ಮೂವತ್ತೆರಡೂ ಮಂದಿ. ಫೈಲಣ್ಣ ನೀರಿನ ಬಾಟಲಿಗಳ ಪಕ್ಕ, ಗೋಡೆಗೆ ಅಂಟಿಕೊಂಡು ನಿಂತ. ಎರಡೂ ಗುಂಪಿನ ಲೆಕ್ಕ ಒಂದೇ ಬರದಿರಲಪ್ಪ ಎಂಬುದಷ್ಟೇ ಅವನ ಆಸೆ.

ಒಂದೇ ಬರಲಿಲ್ಲ.

“ಪ್ರಶ್ನೆ ಒಂದೇ ಸರ್,” ಎಂದ ಲೆಕ್ಕದ ಡಾಕ್ಟ್ರು. “ನಾಳೆ ಕಷ್ಟ ಬಂದ್ರೆ ಇಲ್ಲಿರೋರಲ್ಲಿ ಎಷ್ಟು ಜನಕ್ಕೆ ಫೋನ್ ಮಾಡ್ತೀರಿ? ಟ್ರಯಲ್‌ಗೆ ಮುಂಚೆ ಎರಡೂ ಗುಂಪಲ್ಲಿ ಸರಾಸರಿ ಮೂರು. ಈಗ, ಕೂಟಕ್ಕೆ ಬಂದವರಲ್ಲಿ... ನಾಲ್ಕು. ಕೂಟಕ್ಕೆ ಬರದೇ ಇದ್ದವರಲ್ಲಿ...” ಪರದೆ ನೋಡಿದ, ಕಾಗದ ನೋಡಿದ, ಮತ್ತೆ ಪರದೆ ನೋಡಿದ. “ಹನ್ನೊಂದು.”

ಅಧ್ಯಕ್ಷರ ಹುಬ್ಬು ಮೇಲೇರಿತು. “ಹಾಗಾದ್ರೆ ಕೂಟಕ್ಕೆ ಹೋದ್ರೆ ಸ್ನೇಹ ಬೆಳೆಯೋದು ನಿಂತುಹೋಗತ್ತೆ ಅಂತ ಆಯ್ತು! ನಿರ್ದೇಶಕರೇ, ಇದನ್ನ ಇವತ್ತೇ ನಿಲ್ಲಿಸಿ. ಜೆರಾಕ್ಸ್ ಮೆಷಿನ್ ಸೋಮವಾರ ಬರ್ಲಿ.”

ಲೆಕ್ಕವೇನೋ ಅಚ್ಚುಕಟ್ಟಾಗಿತ್ತು. ಫೈಲಣ್ಣ ಎದುರು ಸಾಲಿನಲ್ಲಿದ್ದ ಹತ್ತೊಂಬತ್ತನೇ ನಂಬರನ್ನು ನೋಡಿದ. ಅವಳು ತನ್ನ ಹೆಬ್ಬೆರಳನ್ನು, ಹಿಂದೆ ಬ್ಯಾಂಡೇಜಿದ್ದ ಜಾಗವನ್ನು, ಸುಮ್ಮನೆ ಉಜ್ಜುತ್ತಿದ್ದಳು. ಡ್ರಾಯರಿನಲ್ಲಿ ಮೂರು ಪ್ರತಿ, ಮೂರು ಫೋಟೋ. ಅಂಟಿನ ಬಾಟಲಿ ತುಂಬಿತ್ತು. ಅವನು ಹೇಳಿದ್ದು ಸುಳ್ಳು.

“ಸ್ವಾಮಿ,” ಎಂದ. ದನಿ ತನ್ನದೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ. “ಲೆಕ್ಕ ಸರಿ ಇದೆ. ಟ್ರಯಲ್ಲೇ ನಾನು ಕೆಡಿಸಿದೀನಿ.”

ಮೂವತ್ತಾರು ತಲೆ ಒಟ್ಟಿಗೆ ಅವನ ಕಡೆ ತಿರುಗಿದವು.

“ಯಾರು ಇವರು?” ಎಂದರು ಅಧ್ಯಕ್ಷರು.

“ನಮ್ಮ ಫೈಲಣ್ಣ,” ಎಂದರು ನಿರ್ದೇಶಕಿ, ಅಷ್ಟೇ ಸಾಕೆಂಬಂತೆ.

“ಕಂಟ್ರೋಲ್‌ನವರೂ ಬುಧವಾರ ಸೇರ್ತಿದ್ರು ಸ್ವಾಮಿ. ಹಿಂದಿನ ಮೆಟ್ಟಿಲ ಮೇಲೆ. ಟೀ ಕೊಡ್ತಿದ್ದದ್ದು ನಾನೇ. ಬಿಸ್ಕತ್ತೂ ನಾನೇ. ಕೆಟಲ್ ನಮ್ಮ ಮನೇದು. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ದಾಖಲೆನೂ ಕೆಡಿಸಿದವನಲ್ಲ. ಇದು ಮಾತ್ರ ಪೂರ್ತಿ ಕೆಟ್ಟಿದೆ. ನನಗೆ ಏನ್ ಮಾಡ್ತೀರೋ ಮಾಡಿ. ಆದ್ರೆ ಕೂಟದಿಂದ ಉಪಯೋಗ ಇಲ್ಲ ಅಂತ ಮಾತ್ರ ಬರೀಬೇಡಿ.”

ಲೆಕ್ಕದ ಡಾಕ್ಟ್ರು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ಇಲಿ ಡಾಕ್ಟ್ರು ಎದ್ದು ನಿಂತಳು. “ನಾನೂ ಹೋಗ್ತಿದ್ದೆ ಸರ್.” ಪಕ್ಕದವನು ಎದ್ದ. “ನಾನೂ.” ಕುರ್ಚಿಗಳು ಒಂದರ ಹಿಂದೊಂದು ಕಿರುಗುಟ್ಟಿದವು. ಎದ್ದು ನಿಂತವರನ್ನು ಅಧ್ಯಕ್ಷರು ಬೆರಳು ಮಾಡಿ ಎಣಿಸಿದರು.

“ಕಂಟ್ರೋಲ್ ಗುಂಪಲ್ಲಿ ಹದಿನಾರು ಅಂದ್ರಿ. ಇಲ್ಲಿ ಹದಿನೇಳು ಜನ ನಿಂತಿದಾರಲ್ಲ?”

ಎಲ್ಲರೂ ಸುತ್ತ ನೋಡಿದರು. ಚೀಟಿಯಲ್ಲಿ ಕೂಟದ ಗುಂಪಿಗೆ ಬಿದ್ದಿದ್ದ ಲೆಕ್ಕದ ಡಾಕ್ಟ್ರು, ತಲೆಯ ಮೇಲಿನ ಕೈ ಇಳಿಸಿ, ಯಾವಾಗಲೋ ಎದ್ದು ನಿಂತಿದ್ದ.

“ಆರನೇ ವಾರದಿಂದ ಸರ್,” ಎಂದ, ನೆಲ ನೋಡುತ್ತಾ. “ಫಾರಂ ತುಂಬಿಸಿ ತುಂಬಿಸಿ ನಂಗೇ ಸಾಕಾಗಿತ್ತು. ಕಿಟಕಿ ಹತ್ರ ನಗು ಕೇಳಿಸ್ತು. ಒಂದ್ಸಲ ಇಣುಕಿ ನೋಡಿ ಬರೋಣ ಅಂತ ಹೋದೆ... ಬರ್ಲಿಲ್ಲ.”

ಮೊದಲು ನಕ್ಕದ್ದು ನಿರ್ದೇಶಕಿ. ಕೂತು ಮಾತಾಡದವರು ಕುರ್ಚಿಗೆ ಕುಸಿದು ಕೂತು ನಕ್ಕರು. ಆಮೇಲೆ ಸಭಾಂಗಣ ಯಾರ ಕೈಗೂ ಸಿಗಲಿಲ್ಲ. ದಪ್ಪ ಹುಬ್ಬು ಸ್ವಲ್ಪ ಹೊತ್ತು ತಡೆದು ನೋಡಿತು, ಕೊನೆಗೆ ಅದೂ ಸೋತಿತು. “ಇಷ್ಟು ಸೊಗಸಾಗಿ ಕೆಟ್ಟ ಟ್ರಯಲ್ ನಾನು ನೋಡಿಲ್ಲ,” ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಬರೆದದ್ದು ಎರಡೇ ಸಾಲು: ಕೂಟ ಇನ್ನೊಂದು ವರ್ಷ ನಡೆಯಲಿ, ಫಾರಂ ಇರಕೂಡದು. ಕೋಣೆ ಮಾತ್ರ ಜೆರಾಕ್ಸ್ ಮೆಷಿನ್ನಿಗೇ ಹೋಯಿತು. ಮೂವತ್ತೆರಡು ಮಂದಿಗೆ ಅದು ಹೇಗೂ ಸಾಲುತ್ತಿರಲಿಲ್ಲ. ಹಿಂದಿನ ಮೆಟ್ಟಿಲಾದರೆ ನಾಲ್ಕು ಮಹಡಿಯಷ್ಟಿತ್ತು. ಫೈಲಣ್ಣನ ಮೇಜು ಓಣಿಯ ತುದಿಗೆ, ಮೆಟ್ಟಿಲ ಬಾಗಿಲಿಗೆ ಬಂತು.

ಮೇಜು ಸಾಗಿಸಿದ ದಿನವೇ ಇಲಿ ಡಾಕ್ಟ್ರು ಬಂದು ಕೈಚಾಚಿದಳು. “ಫೈಲಣ್ಣ, ನನ್ನ ಅರ್ಜಿ ಕೊಡಿ.”

ಅವನು ಡ್ರಾಯರಿಗೆ ಕೈ ಅಡ್ಡ ಇಟ್ಟ. “ಅಂಟು...”

“ಅಂಟು ಬೇಡ. ಹಾಳೆ ಬೇಕು. ಮೂರೂ.”

ಕೊಡದೆ ವಿಧಿಯಿರಲಿಲ್ಲ. ಅವಳು ಹಾಳೆಗಳನ್ನು ಅವನ ಮೇಜಿನ ಮೇಲೆಯೇ ಬೋರಲು ಹಾಕಿ, ಖಾಲಿ ಬೆನ್ನಿನ ಮೇಲೆ ಗೆರೆ ಎಳೆದಳು. ಬುಧವಾರಗಳ ತಾರೀಖು ಬರೆದಳು, ಒಂದರ ಕೆಳಗೊಂದು, ಇಡೀ ವರ್ಷದ್ದು. ಪ್ರತಿ ತಾರೀಖಿನ ಮುಂದೆ ಎಡವಟ್ಟು ಹೇಳಬೇಕಾದವರ ಹೆಸರು. ಹಾಳೆ ಮೂರೂ ತುಂಬಿದವು. ವರ್ಷದ ಕೊನೇ ಬುಧವಾರದ ಮುಂದೆ ತನ್ನ ಹೆಸರು ಬರೆದುಕೊಂಡಳು. ಮೊದಲನೆಯದರ ಮುಂದೆ ಬರೆದದ್ದನ್ನು ಫೈಲಣ್ಣ ಕನ್ನಡಕ ಏರಿಸಿ ಓದಿದ.

“ಇದು ನಾನಲ್ವಾ? ನಾನೇನು ಡಾಕ್ಟ್ರಾ, ವಿಜ್ಞಾನೀನಾ?”

“ಎಡವಟ್ಟಿಗೆ ಡಿಗ್ರಿ ಬೇಕಾ? ನಿಮ್ಮಷ್ಟು ದೊಡ್ಡದು ನಮ್ಮಲ್ಲಿ ಯಾರೂ ಮಾಡಿಲ್ಲ.”

ಫೈಲಣ್ಣ ಮೂರೂ ಹಾಳೆಗಳಿಗೆ ತೂತು ಹಾಕಿ, ಹತ್ತೊಂಬತ್ತನೇ ನಂಬರಿನ ಫೈಲಿನಲ್ಲಿ ಸೇರಿಸಿದ. ಅರ್ಜಿಯ ಮಗ್ಗುಲು ಕೆಳಕ್ಕೆ, ಬುಧವಾರಗಳ ಮಗ್ಗುಲು ಮೇಲಕ್ಕೆ. ಆಮೇಲೆ ಮನೆಗೆ ಫೋನು ಮಾಡಿ, ಕೆಟಲ್ ಇನ್ನೊಂದು ವರ್ಷ ವಾಪಸ್ ಬರುವುದಿಲ್ಲವೆಂದು ಹೆಂಡತಿಗೆ ತಿಳಿಸಿದ.